ಮೇವಿನ ಹುಲ್ಲು ಮತ್ತು ಜೈವಿಕ ನಿಯಂತ್ರಕಗಳು: ನನ್ನ ಅನುಭವ

ಕೊಡಗಿನಲ್ಲಿ ಮಳೆ ಕಡಿಮೆ ಬೀಳುವ ಕುಶಾಲನಗರದ ಸೀಮೆಯಲ್ಲಿ ದನ ಸಾಕುವವರಿಗೆ ಕಾಂಗ್ರೆಸ್ ಗಿಡ ಎಂದು ಕರೆಯುವ ಪಾರ್ಥೇನಿಯಂ ದೊಡ್ಡ ಉಪದ್ರವ. ಅದು ಹುಲ್ಲಿನ ನೆಲವನ್ನು ಆಕ್ರಮಿಸುವುದಲ್ಲದೆ, ಮೇವಿನ ಜೊತೆ ಹಸುವಿನ ಹೊಟ್ಟೆ ಸೇರಿದರೆ ಹಾಲನ್ನೂ ಕಹಿ ಮಾಡುತ್ತದೆ. ಈ ಕಳೆಯನ್ನು ತಿನ್ನುವ ಮೆಕ್ಸಿಕನ್ ಜೀರುಂಡೆಯನ್ನು ನಮ್ಮ ಹೊಲಕ್ಕೆ ತರಲು ನಿರ್ಧರಿಸಿದಾಗ, ಕಳೆ ಮುಗಿದ ಮೇಲೆ ಅದು ನಾವು ಮೇವಿಗೆ ಬೆಳೆಯುವ ನೇಪಿಯರ್ ಮತ್ತು ಗಿನಿ ಹುಲ್ಲಿಗೆ ಬಾಯಿ ಹಾಕದೆಂಬ ಖಾತರಿ ನನಗೆ ಮೊದಲು ಬೇಕಾಗಿತ್ತು.

ಈ ಅನುಮಾನಕ್ಕೆ ಆಧಾರವಿತ್ತು. 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾದ ಈ ಜೀರುಂಡೆ, 1990ರ ದಶಕದ ಆರಂಭದಲ್ಲಿ ಸೂರ್ಯಕಾಂತಿಯ ಎಲೆಗಳ ಮೇಲೂ ಕಾಣಿಸಿಕೊಂಡು ರೈತರಲ್ಲಿ ಆತಂಕ ಹುಟ್ಟಿಸಿತ್ತು. ಎಲೆಗಳ ಮೇಲೆ ಬಿದ್ದಿದ್ದ ಪಾರ್ಥೇನಿಯಂ ಪರಾಗವೇ ಅದನ್ನು ತಿನ್ನಲು ಪ್ರೇರೇಪಿಸಿತ್ತೆಂದು ವಿಜ್ಞಾನಿಗಳು ಆಮೇಲೆ ಕಂಡುಕೊಂಡರು. ಸೂರ್ಯಕಾಂತಿ ಮತ್ತು ಪಾರ್ಥೇನಿಯಂ ಒಂದೇ ಕುಟುಂಬದ ಸಸ್ಯಗಳು. ಹುಲ್ಲು ಅವುಗಳಿಂದ ಬಹಳ ದೂರದ್ದು. ಆದರೂ ನಮ್ಮ ಹೊಲದಲ್ಲಿ ಕಳೆ ಮತ್ತು ಮೇವು ಅಕ್ಕಪಕ್ಕದಲ್ಲೇ ಬೆಳೆಯುವುದರಿಂದ, ಪರಾಗ ಹುಲ್ಲಿನ ಮೇಲೂ ಬೀಳುತ್ತದೆಂಬುದನ್ನು ಮರೆಯುವಂತಿರಲಿಲ್ಲ.

ಆದ್ದರಿಂದ ಸೊಳ್ಳೆಪರದೆ ಹೊದಿಸಿದ ಚೌಕಟ್ಟಿನೊಳಗೆ ಕುಂಡಗಳಲ್ಲಿ ನೇಪಿಯರ್ ಮತ್ತು ಗಿನಿ ಹುಲ್ಲನ್ನು ನೆಟ್ಟು, ಕೆಲವು ಕುಂಡಗಳ ಎಲೆಗಳಿಗೆ ಪಾರ್ಥೇನಿಯಂ ಹೂಗಳನ್ನು ಉಜ್ಜಿ, ಜೀರುಂಡೆಗಳಿಗೆ ಬೇರೆ ಆಹಾರವಿಲ್ಲದಂತೆ ಮಾಡಿದೆ. ಪರಾಗವಿದ್ದ ಎಲೆಗಳ ಮೇಲೆ ಅವು ಹೆಚ್ಚು ಸುಳಿದಾಡಿದವು, ಆದರೆ ಯಾವ ಎಲೆಯ ಅಂಚಿನಲ್ಲೂ ಕಡಿತ ಕಾಣಲಿಲ್ಲ. ಅದೇ ಚೌಕಟ್ಟಿಗೆ ಎಳೆಯ ಪಾರ್ಥೇನಿಯಂ ಇಟ್ಟ ಕೂಡಲೇ ಮೇಯತೊಡಗಿದವು. ಮನೆಯ ಪರೀಕ್ಷೆ ಪ್ರಯೋಗಾಲಯದ ಪರೀಕ್ಷೆಗೆ ಸಮವಲ್ಲ. ಆದರೂ ಹೊಲಕ್ಕೆ ಬಿಡುವ ಧೈರ್ಯ ಬಂದದ್ದು ಇದರಿಂದಲೇ. ಮುಂಗಾರು ಹಿಡಿದ ಮೇಲೆ ಬಿಟ್ಟೆ. ಮರಿಹುಳುಗಳು ಜೀರುಂಡೆಯಾಗಿ ಬದಲಾಗುವ ಕೋಶಾವಸ್ಥೆಯನ್ನು ಮಣ್ಣಿನೊಳಗೆ ಕಳೆಯುವುದರಿಂದ ಆ ಭಾಗವನ್ನು ಉಳದೆ, ಕಳೆ ಸೊರಗಿದ ಕಡೆಯೆಲ್ಲ ತಡಮಾಡದೆ ಗಿನಿ ಹುಲ್ಲಿನ ಬೇರುತುಂಡುಗಳನ್ನು ನೆಟ್ಟೆ. ನೆಲ ಖಾಲಿ ಬಿಟ್ಟರೆ ಅಲ್ಲಿ ಮತ್ತೆ ಪಾರ್ಥೇನಿಯಮ್ಮೇ ಬರುತ್ತದೆ.

ಕೆರೆಯ ವಿಷಯ ಬೇರೆ. ನೀರಿನ ಕಳೆಗೆಂದು ಬಿಡುವ ಹುಲ್ಲುಗೆಂಡೆ ಮೀನಿಗೆ ಜೀರುಂಡೆಯಂಥ ನಿಯತ್ತಿಲ್ಲ. ಮೀನು ಸಾಕುವವರು ಅದಕ್ಕೆ ನೇಪಿಯರ್ ಕತ್ತರಿಸಿ ಹಾಕುವುದನ್ನು ನಾನು ನೋಡಿದ್ದೇನೆ. ನಮ್ಮ ಕೆರೆಯ ಅಂಚಿನ ಪಾರಾ ಹುಲ್ಲು ಬೇಸಿಗೆಯಲ್ಲಿ ದನಗಳಿಗೆ ಸಿಗುವ ಹಸಿರು ಮೇವು. ಮೀನು ಬಿಡುವ ಮೊದಲೇ ಆ ಅಂಚಿನ ಮುಂದೆ ನೀರಿನ ತಳದವರೆಗೆ ಇಳಿಯುವಂತೆ ಗೂಟ ನೆಟ್ಟು ಬಲೆ ಕಟ್ಟಿಸಿದೆ. ತೂಬಿಗೂ ಜಾಲರಿ ಹಾಕಿಸಿದೆ, ಏಕೆಂದರೆ ಮಳೆಗಾಲದಲ್ಲಿ ಈ ಮೀನು ತೋಡಿನ ಮೂಲಕ ಹಾರಂಗಿ ಹೊಳೆ ಸೇರುವುದು ನನಗೆ ಸಮ್ಮತವಲ್ಲ. ಮುಂಗಾರಿಗೆ ಮೊದಲು ಬಲೆಯ ಗಂಟುಗಳನ್ನು ನೋಡಿಕೊಳ್ಳುವುದು ಈಗ ವರ್ಷದ ಕೆಲಸಗಳಲ್ಲಿ ಒಂದು.

ಹುಲ್ಲಿನ ಜಾತಿಯ ಕಳೆಗೇ ಶತ್ರುಕೀಟ ತರುವಾಗ ಹೆಚ್ಚಿನ ಎಚ್ಚರ ಬೇಕು. ಅಮೆರಿಕದ ಟೆಕ್ಸಾಸ್‌ನಲ್ಲಿ ಅರುಂಡೋ ಡೋನಾಕ್ಸ್ ಎಂಬ ದೈತ್ಯ ಜೊಂಡನ್ನು ಹತೋಟಿಗೆ ತರಲು 2009ರಲ್ಲಿ ಒಂದು ಕಣಜವನ್ನು ಬಿಟ್ಟರು; ಅದು ಇತರ ಹುಲ್ಲುಗಳಿಗೆ ಹೋಗದೆಂದು ಪರೀಕ್ಷಿಸಿದ ಮೇಲೆಯೇ ಬಿಟ್ಟದ್ದು. ನಾವು ಮೇವೆಂದು ಬೆಳೆಯುವ ಗಿನಿ ಹುಲ್ಲನ್ನೇ ಕಳೆ ಎಂದು ಎಣಿಸುವ ಊರುಗಳೂ ಜಗತ್ತಿನಲ್ಲಿವೆ. ಅಂಥ ಕೀಟವನ್ನು ಇಲ್ಲಿ ಬಿಡುವ ಮಾತು ಎಂದಾದರೂ ಬಂದರೆ, ಪರೀಕ್ಷೆಯ ಪಟ್ಟಿಯಲ್ಲಿ ನೇಪಿಯರ್, ಗಿನಿ, ಪಾರಾ ಹುಲ್ಲುಗಳ ಜೊತೆಗೆ ನಮ್ಮ ಗದ್ದೆಯ ಭತ್ತವೂ ಇರಬೇಕೆಂದು ನಾನು ಲಿಖಿತವಾಗಿ ಕೇಳುತ್ತೇನೆ. ಭತ್ತವೂ ಹುಲ್ಲಿನ ಕುಟುಂಬದ್ದೇ.