ರೊಟ್ಟಿ ಜೋಳದ್ದೇ ಇರಬಹುದು, ತವಾ ಯಾವುದು? ದೊಡ್ಡ ಹೋಟೆಲಿನಲ್ಲಿ ಗ್ಲುಟೆನ್ ಇಲ್ಲದ ಊಟ ಮಾಡುವುದು ಹೇಗೆ

ಜೋಳದ ನಾಡಿನಲ್ಲಿ ಹುಟ್ಟಿ ಬೆಳೆದವಳಿಗೆ ಗೋಧಿ ಬಿಡುವುದೇನು ದೊಡ್ಡ ಮಾತು ಅಂದುಕೊಂಡಿದ್ದೆ. ನನಗೆ ಸೀಲಿಯಾಕ್, ಅಂದ್ರೆ ಗೋಧಿಯಲ್ಲಿರುವ ಗ್ಲುಟೆನ್ ಕರುಳಿಗೆ ಆಗದ ಕಾಯಿಲೆ ಇದೆ ಅಂತ ಡಾಕ್ಟರು ಹೇಳಿದ ದಿನ ನಮ್ಮವ್ವ ಬೈಲಹೊಂಗಲದಿಂದ ಫೋನು ಮಾಡಿ, 'ಅಷ್ಟ ಹೌದಲ್ಲ? ರೊಟ್ಟಿ ತಿನ್ನು, ಆತು' ಅಂದಿದ್ದಳು. ಮನೆಯ ಮಟ್ಟಿಗೆ ಅವ್ವನ ಮಾತು ಹೆಚ್ಚು ಕಡಿಮೆ ನಿಜ. ಕಷ್ಟ ಶುರುವಾಗಿದ್ದು ಹೊರಗೆ ಉಣ್ಣಲು ಹೋದಾಗ. ಅದೂ ದೊಡ್ಡ ಹೋಟೆಲಿನಲ್ಲಿ.

ಮದುವೆಯ ವಾರ್ಷಿಕೋತ್ಸವ ಅಂತ ಬೆಳಗಾವಿಯ ಒಂದು ದುಬಾರಿ ಹೋಟೆಲಿಗೆ ಹೋಗಿದ್ದೆವು. ತಾಮ್ರದ ಬಟ್ಟಲು, ಮಡಿಸಿಟ್ಟ ಬಿಳಿ ಬಟ್ಟೆ, ಮೆನುವಿನಲ್ಲಿ ಉತ್ತರ ಕರ್ನಾಟಕ ಥಾಲಿ. ನಾನು ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು ಅಷ್ಟೇ ಹೇಳಿದೆ. ರೊಟ್ಟಿ ಎಷ್ಟು ಮೆತ್ತಗೆ, ಎಷ್ಟು ದುಂಡಗಿತ್ತು ಅಂದ್ರೆ ಅವ್ವ ಬಡಿದ ರೊಟ್ಟಿಯೂ ಹಾಗಿರುವುದಿಲ್ಲ. ಆಗಲೇ ಸಂಶಯ ಬರಬೇಕಿತ್ತು. ರಾತ್ರಿಯಿಡೀ ಹೊಟ್ಟೆ ಹಿಡಿದುಕೊಂಡು ಕೂತೆ. ಮರುದಿನ ಫೋನು ಮಾಡಿ ಕೇಳಿದರೆ ಅಡುಗೆಯವರು ಮುಚ್ಚುಮರೆ ಇಲ್ಲದೆ ಹೇಳಿದರು: 'ಬರೇ ಜ್ವಾಳದ ಹಿಟ್ಟು ಲಟ್ಟಸಾಕ ಬರೂದಿಲ್ರಿ, ಹರೀತದ. ಸ್ವಲ್ಪ ಗೋಧಿ ಹಿಟ್ಟು ಕೂಡಸ್ತೀವಿ.'

ಅವರು ಮೋಸ ಮಾಡಿರಲಿಲ್ಲ. ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಜೋಳದಲ್ಲಿ ಇಲ್ಲ, ಅದಕ್ಕೇ ಅದು ಹರಿಯುತ್ತದೆ. ಬಡಿಯಲು ಬರುವ ಹೆಣ್ಣುಮಕ್ಕಳು ಕುದಿಯುವ ನೀರು ಹಾಕಿ ನಾದಿ, ಹಿಟ್ಟಿಗೆ ಜಿಗಿ ಬರಿಸಿ, ಕೈಯಲ್ಲೇ ಅಗಲ ಮಾಡುತ್ತಾರೆ. ಬಡಿಯಲು ಬಾರದ ಅಡುಗೆಯವರು ಲಟ್ಟಣಿಗೆ ಹಿಡಿಯುತ್ತಾರೆ. ಲಟ್ಟಣಿಗೆ ಹಿಡಿದ ಮೇಲೆ ಗೋಧಿಯ ಸಹಾಯ ಬೇಕಾಗುತ್ತದೆ. ನನ್ನನ್ನು ಮಲಗಿಸಿದ್ದು ಅದೇ ಸಹಾಯ.

ಅಂದಿನಿಂದ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು, ಚಿಟಿಕೆಯ ಲೆಕ್ಕ

ಗ್ಲುಟೆನ್ ಅಂದ್ರೆ ಗೋಧಿ, ಬಾರ್ಲಿ ಮತ್ತು ರೈ (ಸಾಸಿವೆಯಲ್ಲ, ಗೋಧಿಯಂಥದ್ದೇ ಇನ್ನೊಂದು ಧಾನ್ಯ) ಕಾಳುಗಳಲ್ಲಿರುವ ಪ್ರೋಟೀನು. ಸೀಲಿಯಾಕ್ ಇದ್ದವರು ಅದನ್ನು ತಿಂದರೆ ದೇಹದ ರಕ್ಷಣೆಯ ಪಡೆ ತನ್ನದೇ ಸಣ್ಣ ಕರುಳಿನ ಮೇಲೆ ಬೀಳುತ್ತದೆ. ಊಟದ ಸಾರ ಹೀರಿಕೊಳ್ಳುವ ಒಳಪದರ ಸವೆಯುತ್ತದೆ. ಇದಕ್ಕೆ ಮಾತ್ರೆ ಇಲ್ಲ. ಗ್ಲುಟೆನ್ ಬಿಡುವುದೊಂದೇ ದಾರಿ.

ಎಷ್ಟು ಬಿಡಬೇಕು? ಒಂದು ಗ್ರಾಂ ಗೋಧಿ ಹಿಟ್ಟಿನಲ್ಲಿ ಹೆಚ್ಚು ಕಡಿಮೆ 100 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ 50 ಮಿಲಿಗ್ರಾಂ ಹೊಟ್ಟೆಗೆ ಹೋಗುತ್ತಿದ್ದರೂ ಕರುಳಿಗೆ ಪೆಟ್ಟು ಬೀಳಬಹುದು. ಅಂದ್ರೆ ಅರ್ಧ ಗ್ರಾಂ ಹಿಟ್ಟು. ಚಪಾತಿ ಲಟ್ಟಿಸುವಾಗ ಮಣೆಯ ಮೇಲೆ ಉದುರಿಸುವುದು ಅದಕ್ಕಿಂತ ಜಾಸ್ತಿ. ಪ್ಯಾಕೆಟ್ ಮೇಲೆ 'ಗ್ಲುಟೆನ್ ಫ್ರೀ' ಅಂತ ಬರೆಯಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಂ ಮೀರಬಾರದು ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐನ ನಿಯಮವಿದೆ. ಕಾಯಿಸಿದರೆ, ಕರಿದರೆ ಗ್ಲುಟೆನ್ ಹೋಗುವುದಿಲ್ಲ. 'ಬೆಂಕಿಗೆ ಹೋದ ಮೇಲೆ ಎಲ್ಲಾ ಶುದ್ಧ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಇನ್ನೂ ಪರೀಕ್ಷೆ ಮಾಡಿಸದವರಿಗೆ ಒಂದು ಮಾತು. ರಕ್ತಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟರೆ ಕಾಯಿಲೆ ಇದ್ದರೂ ಸಿಗದೇ ಹೋಗಬಹುದು. ಡಾಕ್ಟರನ್ನು ಕೇಳಿಯೇ ಬಿಡಿ.

ಹೆಜ್ಜೆ 1: ಫೋನು ಮಾಡಿ, ಆದರೆ ಊಟದ ಹೊತ್ತಿನಲ್ಲಿ ಬೇಡ

ಹೋಗುವ ಹಿಂದಿನ ದಿನ ಮಧ್ಯಾಹ್ನ ನಾಲ್ಕರ ಸುಮಾರಿಗೆ ಫೋನು ಮಾಡಿ. ಆಗ ಅಡುಗೆಮನೆ ತಣ್ಣಗಿರುತ್ತದೆ. ಕೌಂಟರಿನವರ ಬದಲು ಶೆಫ್ ಅಥವಾ ಮ್ಯಾನೇಜರನ್ನು ಕೇಳಿ. ಭಾನುವಾರ ರಾತ್ರಿ ಊಟಕ್ಕೆ ಹೋಗುವುದು ಬೇಡ. ಬೆಳಗಾವಿಯವರಾದರೆ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವ ದಿನಗಳೂ ಬೇಡ. ಆಗ ದೊಡ್ಡ ಹೋಟೆಲುಗಳಲ್ಲಿ ಯಾರಿಗೂ ನಿಮ್ಮ ಕಥೆ ಕೇಳಲು ಪುರುಸೊತ್ತಿರುವುದಿಲ್ಲ. ಸಂಜೆ ಏಳಕ್ಕೇ ಹೋಗಿ ಕೂತರೆ ತವಾ ಇನ್ನೂ ಸ್ವಚ್ಛವಾಗಿರುತ್ತದೆ, ಮಾಣಿಗೂ ಸಮಾಧಾನ ಇರುತ್ತದೆ.

ದುಬಾರಿ ಹೋಟೆಲ್ ಅಂದ್ರೆ ಸುರಕ್ಷಿತ ಅಂತ ಅರ್ಥವಲ್ಲ. ಬರೀ ಜೋಳದ ರೊಟ್ಟಿಯನ್ನೇ ಬಡಿಯುವ ಸಣ್ಣ ಖಾನಾವಳಿಯೇ ನನಗೆ ಎಷ್ಟೋ ಸಲ ಒಳ್ಳೆಯದಾಗಿದೆ. ದೊಡ್ಡ ಹೋಟೆಲಿನಲ್ಲಿ ಇರುವ ಲಾಭ ಬೇರೆ: ಕೇಳಲು ಒಬ್ಬ ಶೆಫ್ ಇರುತ್ತಾರೆ, ಪಾತ್ರೆಗಳು ಜಾಸ್ತಿ ಇರುತ್ತವೆ, ನಿಮಗಾಗಿ ಬೇರೆ ಮಾಡಿಕೊಡುವ ಜಾಗ ಇರುತ್ತದೆ. ಕೇಂದ್ರದ ಲೈಸೆನ್ಸ್ ಇರುವ, ಇಲ್ಲವೇ 10 ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವ ಹೋಟೆಲುಗಳು ಅಲರ್ಜಿ ತರುವ ಪದಾರ್ಥಗಳ ವಿವರ ಕೊಡಬೇಕು ಅಂತ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮಗಳು ಹೇಳುತ್ತವೆ. ಗ್ಲುಟೆನ್ ಇರುವ ಧಾನ್ಯ ಆ ಪಟ್ಟಿಯಲ್ಲಿದೆ. ಸಂಕೋಚ ಬಿಟ್ಟು ಕೇಳಿ.

ಹೆಜ್ಜೆ 2: 'ಗ್ಲುಟೆನ್' ಅನ್ನಬೇಡಿ, ಹಿಟ್ಟಿನ ಹೆಸರು ಹೇಳಿ

ಗ್ಲುಟೆನ್ ಅಂದಾಗ ಮಾಣಿ ತಲೆ ಅಲ್ಲಾಡಿಸುತ್ತಾನೆ. ಅದು 'ಗೊತ್ತಾಯ್ತು' ಅನ್ನುವ ತಲೆ ಅಲ್ಲ. ಕನ್ನಡದಲ್ಲೇ ಹೇಳೋಣ ಅಂತ ಒಮ್ಮೆ 'ಗೋಧಿಯ ಅಂಟು ಆಗೋದಿಲ್ಲ' ಅಂದೆ. ಪಾಪ, ಆ ಹುಡುಗ ಒಳಗೆ ಹೋಗಿ ಬಂದು, 'ಅಂಟಿನುಂಡಿ ಇಲ್ಲ ಬಿಡ್ರಿ ನಮ್ಮಲ್ಲಿ' ಅಂದ. ನಮ್ಮ ಕಡೆ ಅಂಟು ಅಂದ್ರೆ ಬಾಣಂತಿಯರ ಉಂಡಿಗೆ, ಕರದಂಟಿಗೆ ಹಾಕುವ ಮರದ ಅಂಟು. ಅದರಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ!

ಈಗ ನಾನು ಹೇಳುವುದು ಹೀಗೆ: 'ಗೋಧಿ, ಮೈದಾ, ರವೆ, ಶ್ಯಾವಿಗೆ, ಬ್ರೆಡ್, ಬಾರ್ಲಿ, ಸೋಯಾ ಸಾಸ್ ನನಗೆ ಆಗೋದಿಲ್ಲ. ಸ್ವಲ್ಪ ಹಿಟ್ಟು ಹತ್ತಿದರೂ ಆರಾಮ ತಪ್ಪುತ್ತದೆ. ಅಕ್ಕಿ, ಜೋಳ, ಸಜ್ಜೆ, ಕಡಲೆ ಹಿಟ್ಟು, ಕಾರ್ನ್‌ಫ್ಲೋರ್ ನಡೆಯುತ್ತದೆ.' ಕೊನೆಯ ವಾಕ್ಯ ಮರೆಯಬೇಡಿ. ಏನು ಬೇಡ ಅಂತ ಮಾತ್ರ ಹೇಳಿದರೆ ಅಡುಗೆಯವರು ಹೆದರಿ ಸೌತೆಕಾಯಿ ಹೋಳು ಕಳಿಸುತ್ತಾರೆ.

ಇದನ್ನೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮೇಲೆ ಕನ್ನಡ, ಕೆಳಗೆ ಮರಾಠಿ, ಹಿಂದೆ ಹಿಂದಿ. ಬೆಳಗಾವಿಯಲ್ಲಿ ಮಾಣಿ ಮರಾಠಿ ಮಾತಾಡಬಹುದು, ಒಳಗೆ ತಂದೂರಿನ ಮುಂದೆ ನಿಂತವನು ಉತ್ತರದ ಕಡೆಯವನಿರಬಹುದು. ಮರಾಠಿಯಲ್ಲಿ ಗಹೂ, ಹಿಂದಿಯಲ್ಲಿ ಗೇಹೂ, ಆಟಾ, ಸೂಜಿ. ಬಾರ್ಲಿಗೆ ಜೌ. ಚೀಟಿ ಒಳಗೆ ಹೋಗಿ ಬರಲಿ. ಬಾಯಿಂದ ಬಾಯಿಗೆ ಹೋದ ಮಾತು ದಾರಿಯಲ್ಲಿ ಅರ್ಧ ಉದುರುತ್ತದೆ.

'ಉಪವಾಸ ಏನ್ರಿ?' ಅಂತ ಕೇಳುವವರೂ ಇದ್ದಾರೆ. ಹೌದು ಅಂದುಬಿಡುವ ಆಸೆ ಆಗುತ್ತದೆ, ಅನ್ನಬೇಡಿ. ಸಾಬುದಾಣಿ ಖಿಚಡಿ ಏನೋ ಸಿಗುತ್ತದೆ, ಆದರೆ ಸಾಬುದಾಣಿ ವಡೆಯನ್ನು ಸಮೋಸಾ ಕರಿದ ಎಣ್ಣೆಯಲ್ಲೇ ಬಿಟ್ಟಿರಬಹುದು.

ಹೆಜ್ಜೆ 3: ಅಡುಗೆಮನೆಗೆ ಐದು ಪ್ರಶ್ನೆ

ಇದೇ ಮುಖ್ಯ. ಉಳಿದದ್ದು ಮರೆತರೂ ಇದು ಮರೆಯಬೇಡಿ.

ರೊಟ್ಟಿಗೆ ಏನು ಕೂಡಿಸುತ್ತೀರಿ? 'ಜೋಳದ ರೊಟ್ಟಿ ಅಂದ ಮ್ಯಾಲೆ ಅದರಾಗ ಗೋಧಿ ಎಲ್ಲಿಂದ ಬರಬೇಕ್ರಿ' ಅಂತ ಮಾಣಿ ನಗಬಹುದು. ಬಡಿಯುತ್ತೀರಾ, ಲಟ್ಟಿಸುತ್ತೀರಾ ಅಂತ ಕೇಳಿ. ಲಟ್ಟಿಸುತ್ತೇವೆ ಅಂದರೆ ಮೇಲೆ ಉದುರಿಸುವ ಹಿಟ್ಟು ಯಾವುದು ಅಂತ ಕೇಳಿ. ಹಿಟ್ಟು ಎಲ್ಲಿಂದ ಬರುತ್ತದೆ ಅನ್ನುವುದೂ ಬೇಕು. ಗಿರಣಿಯಲ್ಲಿ ನಿಮ್ಮ ಜೋಳದ ಮುಂಚೆ ಯಾರದೋ ಗೋಧಿ ಬೀಸಿದ್ದರೆ ಅದರ ಹಿಟ್ಟು ಕಲ್ಲಿನಲ್ಲಿ ಉಳಿದೇ ಇರುತ್ತದೆ. ಮನೆಗೂ ಇದೇ ಮಾತು. ನಮ್ಮ ಓಣಿಯ ಗಿರಣಿಯವರಿಗೆ ಹೇಳಿ, ಕಲ್ಲು ಸ್ವಚ್ಛ ಮಾಡಿದ ದಿನ ಮೊದಲ ಸರದಿ ನಾನೇ ಹಿಡಿಯುತ್ತೇನೆ.

ತವಾ ಯಾವುದು? ಚಪಾತಿ ಬೇಯಿಸಿದ ತವಾ ಒರೆಸಿದರೆ ಸಾಲದು, ತೊಳೆಯಬೇಕು. ಬೇರೆ ತವಾ ಇದ್ದರೆ ಇನ್ನೂ ಚಲೋ.

ಎಣ್ಣೆ ಯಾವುದು? ಕರಿಯುವ ಬಾಣಲೆ ಒಂದೇ ಇದ್ದರೆ ಕರಿದದ್ದೇ ಬೇಡ. ಆಲೂಗಡ್ಡೆಯಲ್ಲಿ ಗೋಧಿ ಇಲ್ಲ ನಿಜ, ಆದರೆ ಎಣ್ಣೆಯಲ್ಲಿ ಸಮೋಸಾದ ಪುಡಿ ತೇಲುತ್ತಿರುತ್ತದೆ.

ಇಂಗು ಯಾವುದು? ಇದು ಯಾರಿಗೂ ಹೊಳೆಯದ ಕಳ್ಳ. ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಪೂರ್ತಿ ಇಂಗಲ್ಲ. ಅದಕ್ಕೆ ಹಿಟ್ಟು ಬೆರೆಸಿರುತ್ತಾರೆ, ಎಷ್ಟೋ ಡಬ್ಬಿಗಳಲ್ಲಿ ಗೋಧಿಯದ್ದೇ. ಅಕ್ಕಿ ಹಿಟ್ಟಿನ ಇಂಗೂ ಸಿಗುತ್ತದೆ. ಡಬ್ಬಿ ನೋಡಿ ಹೇಳಿ ಅನ್ನಿ, ಇಲ್ಲದಿದ್ದರೆ ಇಂಗಿಲ್ಲದೆ ಒಗ್ಗರಣೆ ಹಾಕಿಸಿ.

ಗಟ್ಟಿ ಬರಲು ಏನು ಹಾಕಿದ್ದೀರಿ? ಸೂಪಿಗೆ, ಬಿಳಿ ಸಾಸಿಗೆ, ಕೆಲವು ಕಡೆ ಗ್ರೇವಿಗೂ ಮೈದಾ ಬೀಳುತ್ತದೆ. ಗೋಡಂಬಿ, ಕಾರ್ನ್‌ಫ್ಲೋರ್ ಆದರೆ ಚಿಂತೆಯಿಲ್ಲ.

ಹೆಜ್ಜೆ 4: ಮೆನು ಓದುವುದು

ಹೆಸರು ನಂಬಿ ಮೋಸ ಹೋಗುವ ಜಾಗ ಇದು. ಸಜ್ಜೆ ರೊಟ್ಟಿ ನಡೆಯುತ್ತದೆ, ಸಜ್ಜಕ ನಡೆಯುವುದಿಲ್ಲ. ಅದು ಗೋಧಿ ರವೆಯದ್ದು. ನುಚ್ಚು ಅಂದರೆ ಜೋಳದ ನುಚ್ಚೋ ಗೋಧಿ ನುಚ್ಚೋ ಕೇಳಿ. 'ಜವೆ ಗೋಧಿ ಹಳೇ ಕಾಲದ್ದು, ಏನೂ ಆಗಲ್ಲ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಕ್ಕರೆ ಕಾಯಿಲೆಯವರಿಗೆ ಅದನ್ನು ಹೊಗಳುತ್ತಾರೆ, ಆದರೆ ಅದೂ ಗೋಧಿಯೇ. ಗ್ಲುಟೆನ್ ಇದೆ.

ನಮ್ಮ ಕಡೆಯ ಊಟದಲ್ಲಿ ಧೈರ್ಯವಾಗಿ ಕೈ ಹಾಕಬಹುದಾದದ್ದು ಬಹಳ ಇದೆ. ಎಣ್ಣೆಗಾಯಿ, ಮಡಕೆಕಾಳು ಪಲ್ಯ, ಝುಣಕ, ಪುಂಡಿಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆನೆಮೊಸರು, ಅನ್ನ. ಇಂಗಿನ ಪ್ರಶ್ನೆ ಒಂದು ಮುಗಿಸಿದರೆ ಸಾಕು. ಹಪ್ಪಳ ಸಂಡಿಗೆಯ ತಟ್ಟೆ ಮಾತ್ರ ದೂರ ಇಡಿ. ಗೋಧಿ ಹಾಲಿನ ಸಂಡಿಗೆಯೂ ಅದರಲ್ಲಿ ಬಂದಿರುತ್ತದೆ.

ಬೆಳಗಾವಿಯಲ್ಲಿ ಗೋವಾದ ಗಾಳಿ ಬೀಸುತ್ತದೆ, ಹಾಗಾಗಿ ಮೀನು ತಿನ್ನುವವರು ಕೇಳಿ: ರವಾ ಫ್ರೈ ಬೇಡ, ಅಕ್ಕಿ ಹಿಟ್ಟು ಹಚ್ಚಿ ತೊಳೆದ ತವಾದ ಮೇಲೆ ಮಾಡಿ ಅನ್ನಿ. ದಮ್ ಬಿರಿಯಾನಿಯ ಹಂಡೆಯ ಬಾಯಿಗೆ ಕೆಲವು ಕಡೆ ಕಣಕ ಮೆತ್ತಿ ಮುಚ್ಚುತ್ತಾರೆ. ಮುಚ್ಚಳ ತೆಗೆಯುವಾಗ ಅದರ ಚೂರು ಒಳಗೆ ಬೀಳುತ್ತದೆ. ತಂದೂರಿನ ಕಬಾಬು, ಪನೀರ್ ಟಿಕ್ಕಾ ಕೂಡ ನಾನ್ ಬೇಯುವ ಒಲೆಯಲ್ಲೇ ಬೇಯುತ್ತವೆ, ನಾನು ಅವನ್ನು ಬಿಟ್ಟಿದ್ದೇನೆ. ಮಂಚೂರಿ, ಮಂಚಾವ್ ಸೂಪು, ಹಕ್ಕಾ ನೂಡಲ್ಸ್ ಸೀದಾ ದಾಟಿ ಮುಂದೆ ಹೋಗಿ. ಮಸಾಲೆದೋಸೆ ಗರಿಗರಿ ಬರಲಿ ಅಂತ ಹಿಟ್ಟಿಗೆ ರವೆ, ಮೈದಾ ಸೇರಿಸುವವರಿದ್ದಾರೆ, ಕೇಳದೆ ತರಿಸಬೇಡಿ.

ಕುಡಿಯಲು? ಬಿಯರ್ ಬಾರ್ಲಿಯದ್ದು, ವೈನು ದ್ರಾಕ್ಷಿಯದ್ದು. ಎರಡೂ ಬೇಡದವರಿಗೆ ಇಂಡಿ ಲಿಂಬೆಯ ಶರಬತ್ತು.

ಬಫೆ ಬಗ್ಗೆ ನನ್ನ ಅಭಿಪ್ರಾಯ ಒಂದೇ ಸಾಲು: ದುಡ್ಡು ದಂಡ. ಪೂರಿ ಎತ್ತಿದ ಇಕ್ಕಳವೇ ಅನ್ನಕ್ಕೂ ಬರುತ್ತದೆ.

ಹೆಜ್ಜೆ 5: ಸಿಹಿ

ಜಾಮೂನು, ಜಿಲೇಬಿ, ಹೋಳಿಗೆ, ಮಾದಲಿ, ಗೋಧಿ ಹುಗ್ಗಿ ಎಲ್ಲಕ್ಕೂ ಕೈ ಮುಗಿಯಿರಿ. ಬೆಳಗಾವಿ ಮಂಡಿಗೆಗೂ. ಮನಸ್ಸಿನಲ್ಲಿ ಮಂಡಿಗೆ ತಿನ್ನುವುದು ಅಂತ ಗಾದೆ ಮಾಡಿದವರಿಗೆ ನನ್ನ ವಿಷಯ ಮೊದಲೇ ಗೊತ್ತಿತ್ತೋ ಏನೋ. ಆದರೆ ಊರು ನಮ್ಮನ್ನು ಪೂರ್ತಿ ಕೈಬಿಟ್ಟಿಲ್ಲ. ಕುಂದಾ ಅಂದ್ರೆ ಹಾಲು, ಸಕ್ಕರೆ. ಗೋಕಾಕ, ಅಮೀನಗಡದ ಕರದಂಟು ಅಂದ್ರೆ ಒಣಹಣ್ಣು, ಬೆಲ್ಲ, ತುಪ್ಪ ಮತ್ತು ಆಗ ಹೇಳಿದೆನಲ್ಲ, ಆ ಮರದ ಅಂಟು. ಶ್ರೀಖಂಡ, ಬಾಸುಂದಿಯೂ ಇವೆ. ಬೇರೆ ಏನಾದರೂ ಕೂಡಿಸಿದ್ದೀರಾ ಅಂತ ಒಂದು ಮಾತು ಕೇಳಿ, ತಿನ್ನಿ.

ಹೆಜ್ಜೆ 6: ತಟ್ಟೆ ಬಂದ ಮೇಲೆ

ತಂದಿಟ್ಟವರನ್ನು ಇನ್ನೊಮ್ಮೆ ಕೇಳಿ: 'ಇದು ಗೋಧಿ ಇಲ್ಲದ ತಟ್ಟೆ ಹೌದಲ್ಲ?' ಜೊತೆಯಲ್ಲಿ ಬಂದವರಿಗೆ ಇದು ನಾಚಿಕೆ ಅನ್ನಿಸಬಹುದು. ನಮ್ಮನೆಯವರು ಮೊದಲೆಲ್ಲ ಮೆನು ಕಾರ್ಡು ಅಡ್ಡ ಹಿಡಿದುಕೊಳ್ಳುತ್ತಿದ್ದರು, ಈಗ ಅವರೇ ಮುಂದಾಗಿ ಕೇಳುತ್ತಾರೆ. ತಟ್ಟೆಯ ಅಂಚಿಗೆ ಚಪಾತಿ ಇಟ್ಟು ತಂದರೆ ಅದನ್ನು ಎತ್ತಿ ಪಕ್ಕಕ್ಕಿಡುವುದರಿಂದ ಏನೂ ಸರಿಹೋಗುವುದಿಲ್ಲ. ಒಳಗೆ ಒಯ್ದರೆ ಅವರೂ ಎತ್ತಿಯೇ ತರುತ್ತಾರೆ. ಆ ತಟ್ಟೆಯನ್ನು ಮನೆಯವರ ಮುಂದೆ ಸರಿಸಿ, ನಿಮಗೆ ಹೊಸದು ಹೇಳಿ.

ಎಲ್ಲಾ ಕೇಳಿದ ಮೇಲೂ ರೊಟ್ಟಿಯ ಬಗ್ಗೆ ಧೈರ್ಯ ಬರದಿದ್ದರೆ? ನನ್ನ ಚೀಲದಲ್ಲಿ ಸದಾ ಎರಡು ಖಡಕ್ ರೊಟ್ಟಿ ಇರುತ್ತವೆ, ಅವ್ವ ಬಡಿದು ಕಳಿಸಿದವು. ವಾರಗಟ್ಟಲೆ ಕೆಡುವುದಿಲ್ಲ. ಮ್ಯಾನೇಜರಿಗೆ ಕಾರಣ ಹೇಳಿ ಅವರ ಪಲ್ಯದ ಜೊತೆ ನನ್ನ ರೊಟ್ಟಿ ಮುರಿದುಕೊಳ್ಳುತ್ತೇನೆ. ಇಲ್ಲಿಯವರೆಗೆ ಯಾರೂ ಬೇಡ ಅಂದಿಲ್ಲ. ಒಬ್ಬರಂತೂ 'ಖಡಕ್ ರೊಟ್ಟಿ ಯಾವ ಊರಿಂದ್ರಿ?' ಅಂತ ಕೇಳಿ ಒಂದು ಚೂರು ಇಸಿದುಕೊಂಡರು.

ಚೆನ್ನಾಗಿ ನೋಡಿಕೊಂಡ ಹೋಟೆಲನ್ನು ಬಿಡಬೇಡಿ. ಶೆಫ್ ಹೆಸರು ಬರೆದುಕೊಳ್ಳಿ, ಒಳಗೆ ಹೋಗಿ ಒಂದು ಮಾತು ಹೇಳಿ ಬನ್ನಿ. ತಿಲಕವಾಡಿಯಲ್ಲಿ ನಾವು ಹೋಗುವ ಹೋಟೆಲಿನಲ್ಲಿ ಈಗ ಚೀಟಿ ತೆಗೆಯುವ ಕೆಲಸವೇ ಇಲ್ಲ. ಬಾಗಿಲಲ್ಲಿ ಕಂಡ ಕೂಡಲೇ ಮಾಣಿ ಒಳಗೆ ತಿರುಗುತ್ತಾನೆ: 'ಅಕ್ಕಾರು ಬಂದ್ರು, ತವಾ ತೊಳೀರಿ!'