ಎರಡಿಂಚಿನ ವೀಕ್ಷಣಾ ಬಾವಿಯಿಂದ ಕೈಯಲ್ಲೇ ನೀರಿನ ಮಾದರಿ ತೆಗೆಯುವ ಬಗೆ

ಮಂಡ್ಯದ ವಿಶ್ವೇಶ್ವರಯ್ಯ ನಾಲೆ ಬಯಲಿನ ಕಬ್ಬಿನ ಗದ್ದೆಗಳಲ್ಲಿ ಅಂತರ್ಜಲದ ನೈಟ್ರೇಟ್ ನೋಡಲು ನಾವು ಬಳಸುವ ಪಂಪಿಗೆ ಕರೆಂಟು ಬೇಡ. 16 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪು, ಅದರ ತುದಿಯಲ್ಲಿ ಒಳಗೆ ಗುಂಡು ಇರುವ ಫುಟ್‌ವಾಲ್ವ್ (ನೀರನ್ನು ಒಳಗೆ ಬಿಟ್ಟು ಹಿಂದಕ್ಕೆ ಬಿಡದ ಕವಾಟ), ಅಷ್ಟೇ. ಪೈಪನ್ನೇ ಕೈಯಲ್ಲಿ ಎತ್ತಿ ಒತ್ತಿದರೆ ನೀರು ಮೇಲೆ ಬರುತ್ತದೆ. ಮೇಲಿನಿಂದ ಹೀರುವ ಪಂಪು ಏಳೆಂಟು ಮೀಟರ್ ದಾಟಿದರೆ ಕೈಕೊಡುತ್ತದೆ; ಇದು ತಳದಿಂದ ಎತ್ತುವುದರಿಂದ ಆ ಮಿತಿ ಇಲ್ಲ. ಅಗ್ಗವೆಂದು ಡ್ರಿಪ್ ಲ್ಯಾಟರಲ್ (ಹನಿ ನೀರಾವರಿಯ ಮೆತ್ತನೆ ಪೈಪು) ತರಬೇಡಿ. ಒತ್ತಿದಾಗ ಅದು ಬಾವಿಯೊಳಗೇ ಬಳುಕುತ್ತದೆ, ವಾಲ್ವ್ ಇದ್ದಲ್ಲೇ ಇರುತ್ತದೆ. ಆರೂವರೆ ಇಂಚಿನ ಬೋರ್‌ವೆಲ್‌ ಅಗಲವಾದ್ದರಿಂದ ಅಲ್ಲಿ ಗಟ್ಟಿ ಪೈಪಿನ ಪಾಡೂ ಅದೇ.

ಮೊದಲು ಟೇಪು ಇಳಿಸಿ ಮಟ್ಟ ಅಳೆಯಿರಿ. ಕಳೆದ ಸಲದ ಅಳತೆ ನಂಬಬೇಡಿ. ನಾಲೆಗೆ ನೀರು ಬಿಟ್ಟ ಮೇಲೆ ಮಟ್ಟ ಏರಿರುತ್ತದೆ. ಬಾವಿಯ ಒಳವ್ಯಾಸ 50 ಮಿ.ಮೀ. ಇದ್ದರೆ ಅದರಲ್ಲಿ ನಿಂತ ನೀರು ಮೀಟರಿಗೆ ಹತ್ತಿರಹತ್ತಿರ 2 ಲೀಟರ್. 8 ಮೀಟರ್ ನೀರಿದ್ದರೆ 16 ಲೀಟರ್. ಅದರ ಮೂರು ಪಟ್ಟು, 48 ಲೀಟರ್ ತೆಗೆದು ದೂರ ಚೆಲ್ಲಬೇಕು. ನಿಂತು ಗಾಳಿ ಸೋಕಿದ ನೀರು ಗದ್ದೆಯಡಿಯ ನೀರಿನ ಲೆಕ್ಕ ಹೇಳುವುದಿಲ್ಲ.

ವಾಲ್ವ್ ಬಾವಿಯ ತಳದಿಂದ ಅರ್ಧ ಮೀಟರ್ ಮೇಲಿರಲಿ, ಇಲ್ಲವಾದರೆ ಹೂಳು ಕಲಕುತ್ತದೆ. ಪೈಪನ್ನು ಒಂದಡಿಯಷ್ಟು ಎತ್ತಿ ಥಟ್ಟನೆ ಒತ್ತಿ. ಎತ್ತುವಾಗ ವಾಲ್ವ್ ಮುಚ್ಚಿ ಪೈಪಿನ ನೀರು ಮೇಲೇಳುತ್ತದೆ. ಒತ್ತುವಾಗ ಆ ನೀರು ಬಂದ ರಭಸಕ್ಕೆ ಇನ್ನೂ ಏರುತ್ತಿರುತ್ತದೆ, ವಾಲ್ವ್ ತೆರೆದು ಹೊಸ ನೀರು ನುಗ್ಗುತ್ತದೆ. ನಿಧಾನ ಮಾಡಿದರೆ ರಭಸವೇ ಇರದು, ನೀರೂ ಬಾರದು. ಅರ್ಧಕ್ಕೆ ಬಂದ ನೀರು ಇಳಿದುಹೋದರೆ ಗುಂಡಿನಡಿ ಮರಳಿನ ಹರಳು ಸಿಕ್ಕಿದೆ ಎಂದೇ ಅರ್ಥ. ನೀರಿನೊಳಗೇ ನಾಲ್ಕಾರು ಬಾರಿ ಜೋರಾಗಿ ಕುಲುಕಿ; ಬಿಡದಿದ್ದರೆ ಮೇಲೆತ್ತಿ ಬಿಚ್ಚಿ ತೊಳೆಯಿರಿ.

ಪ್ರತಿ ಬಕೆಟ್ಟಿಗೂ ಪಿಎಚ್ (ಹುಳಿ-ಕ್ಷಾರದ ಅಳತೆ), ವಿದ್ಯುತ್ ವಾಹಕತೆ (ಕರಗಿದ ಲವಣದ ಸೂಚನೆ) ನೋಡಿ. ಸಾಲಾಗಿ ಮೂರು ಸಲ ಪಿಎಚ್ 0.1ರೊಳಗೆ, ವಾಹಕತೆ ಶೇ. 3ರೊಳಗೆ ನಿಂತ ಮೇಲೆಯೇ ಬಾಟಲಿ ಹಿಡಿಯುವುದು. ಆಗ ಪೈಪು ಎತ್ತುವ ಅಳತೆ ಸಣ್ಣದಾಗಿರಲಿ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ, ಐಸ್ ಪೆಟ್ಟಿಗೆಯಲ್ಲಿ 4 ಡಿಗ್ರಿಯಲ್ಲಿಟ್ಟು 48 ಗಂಟೆಯೊಳಗೆ ಪರೀಕ್ಷೆ ಮುಗಿಯುವಂತೆ ಪ್ರಯೋಗಾಲಯ ಮುಟ್ಟಿಸಿ. ಕುಡಿಯುವ ನೀರಿನ ಮಾನಕದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿ.ಗ್ರಾಂ.; ಆ ಗೆರೆಯ ಆಸುಪಾಸಿನ ಬಾವಿಯಲ್ಲಿ ಈ ಅವಸರ ಇನ್ನೂ ಮುಖ್ಯ.

ಲೋಹಗಳ ಪರೀಕ್ಷೆಗಾದರೆ ಹಿತ್ತಾಳೆ ವಾಲ್ವ್ ಬೇಡವೇ ಬೇಡ, ಸತು, ಸೀಸ ಅದರಿಂದಲೇ ಬೆರೆಯಬಹುದು. ಒಂದು ಬಾವಿಯ ಪೈಪನ್ನು ಇನ್ನೊಂದಕ್ಕೆ ಇಳಿಸಬೇಡಿ; ಬಾವಿಗೊಂದು ಪೈಪಿಟ್ಟು ಹೆಸರು ಬರೆದಿಡಿ.