ಟೆಲಿಸ್ಕೋಪಿನ ಕತ್ತು ಬಗ್ಗಿಸುವುದು ಹೇಗೆ?

ಹೋದ ವರ್ಷ ಪರಿಚಯದವರೊಬ್ಬರು ಮಗಳಿಗೆಂದು ಟೆಲಿಸ್ಕೋಪ್ ತಂದರು. 90 ಮಿ.ಮೀ. ಲೆನ್ಸು, ಒಂದು ಮೀಟರ್ ಉದ್ದದ ಬಿಳಿ ಕೊಳವೆ, ಕೆಳಗೆ ಸ್ಟೀಲಿನ ಮೂರು ಕಾಲು. ನಡುವೆ ಕಬ್ಬಿಣದ ಗುಂಡು ನೇತಾಡುವ ಈಕ್ವಟೋರಿಯಲ್ ಮೌಂಟ್, ಅಂದರೆ ಕೊಳವೆಯನ್ನು ಹೊತ್ತು ತಿರುಗಿಸುವ ಭಾಗ. ವಾರ ಕಳೆಯುವಷ್ಟರಲ್ಲಿ ಫೋನ್ ಬಂತು. ‘ಇದ್ರಲ್ಲಿ ಏನೋ ಡಿಫೆಕ್ಟ್ ಇದೆ ಕಣ್ರೀ. ಗುರು ಗ್ರಹ ಸಿಕ್ತು ಅನ್ನೋಷ್ಟರಲ್ಲಿ ಓಡಿ ಹೋಗುತ್ತೆ. ಹಿಂದೆ ಹೋಗೋಣ ಅಂದ್ರೆ ಕೊಳವೆ ಸೊಟ್ಟಸೊಟ್ಟ ತಿರುಗುತ್ತೆ.’

ಅವರ ತಾರಸಿಗೆ ಹೋಗಿ ನೋಡಿದೆ. ಡಿಫೆಕ್ಟೂ ಇಲ್ಲ, ಏನೂ ಇಲ್ಲ. ಮೌಂಟಿನ ಕತ್ತು 45 ಡಿಗ್ರಿಗೆ ಎದ್ದು ನಿಂತಿತ್ತು. ಅದರ ಮುಖ ಪಕ್ಕದ ಮನೆಯ ನೀರಿನ ಟ್ಯಾಂಕಿನ ಕಡೆಗಿತ್ತು. ‘ಪುಸ್ತಕದಲ್ಲಿ ಹೀಗೇ ಇದೆಯಲ್ಲ’ ಎಂದು ಕೈಪಿಡಿ ತೋರಿಸಿದರು. ನಿಜ, ಚಿತ್ರದಲ್ಲಿ ಹಾಗೇ ಇತ್ತು. ಆದರೆ ಅದು ಯುರೋಪು, ಅಮೆರಿಕದ ಕಡೆಯವರಿಗೆ ಹೊಂದುವ ಚಿತ್ರ. ನಮ್ಮ ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ.

ಇದೇ ತಪ್ಪನ್ನು ಐದಾರು ಮನೆಗಳಲ್ಲಿ ನೋಡಿದ್ದೇನೆ. ಎಲ್ಲ ಕಡೆಯೂ ಕೊನೆಗೆ ಟೆಲಿಸ್ಕೋಪ್ ಅಟ್ಟ ಸೇರಿತ್ತು.

ಈ ಓರೆ ಕತ್ತು ಯಾಕೆ?

ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 90 ಪಟ್ಟು ಹಿಗ್ಗಿಸಿ ನೋಡಿದರೆ ಗುರು ಗ್ರಹ ಎರಡು ನಿಮಿಷ ಚಿಲ್ಲರೆಯಲ್ಲಿ ಐಪೀಸಿನ (ಕಣ್ಣಿಟ್ಟು ನೋಡುವ ಲೆನ್ಸು) ಆ ಅಂಚಿನಿಂದ ಈ ಅಂಚಿಗೆ ಬಂದು ಮಾಯವಾಗುತ್ತದೆ. ಮೌಂಟಿನ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಇಟ್ಟುಬಿಟ್ಟರೆ, ಒಂದೇ ನಾಬ್ ತಿರುಗಿಸುತ್ತ ಗ್ರಹದ ಹಿಂದೆ ಹೋಗಬಹುದು. ಅಷ್ಟೇ ಇದರ ಗುಟ್ಟು. ಓರೆ ಕತ್ತು ಎಂದರೆ ಈ ಅಕ್ಷವೇ, ಅದು ಧ್ರುವ ನಕ್ಷತ್ರದ ಕಡೆ ಮುಖ ಮಾಡಿರಬೇಕು. ಆ ಅಕ್ಷಕ್ಕೆ ಆರ್‌ಎ ಎನ್ನುತ್ತಾರೆ. ಅದಕ್ಕೆ ಅಡ್ಡಲಾಗಿರುವ ಇನ್ನೊಂದು ಡೆಕ್.

ಈ ಮಾದರಿಯ ಮೌಂಟ್ ಜರ್ಮನಿಯ ಫ್ರಾನ್‌ಹೋಫರ್ ಕೊಟ್ಟಿದ್ದು. ಅವನು ಮಾಡಿದ ದೊಡ್ಡ ಟೆಲಿಸ್ಕೋಪ್ 1824ರಲ್ಲಿ ಇಂದಿನ ಎಸ್ಟೋನಿಯಾದ ತಾರ್ತುವಿಗೆ ಹೋಯಿತು. ಆ ಊರು 58 ಡಿಗ್ರಿಯಲ್ಲಿದೆ. ಅಲ್ಲಿ ಧ್ರುವ ನಕ್ಷತ್ರ ತಲೆ ಎತ್ತಿ ನೋಡುವಷ್ಟು ಮೇಲೆ. ಇಲ್ಲಿ ಅದು ಎದುರು ಮನೆಯ ಸಜ್ಜದ ಮಟ್ಟದಲ್ಲಿ. ಹಾಗಾಗಿ ನಮ್ಮ ಮೌಂಟ್ ಹೆಚ್ಚುಕಡಿಮೆ ಮಲಗಿದಂತೆ ಕಾಣಬೇಕು. ಮಲಗಿದೆಯಲ್ಲ ಎಂದು ಗಾಬರಿಯಾಗಿ ಎತ್ತಬೇಡಿ.

ಮೊದಲು ಕಾಲು, ಆಮೇಲೆ ಗುಂಡು, ಕೊನೆಗೆ ಕೊಳವೆ

ಮೂರು ಕಾಲುಗಳನ್ನು ಅರ್ಧಕ್ಕಿಂತ ಜಾಸ್ತಿ ಎಳೆಯಬೇಡಿ. ಪೂರ್ತಿ ಎಳೆದರೆ ನಿಂತು ನೋಡಬಹುದು, ಸರಿ. ಆದರೆ ಮುಟ್ಟಿದರೆ ಸಾಕು, ಚಂದ್ರ ನಡುಗುತ್ತಾನೆ. ಸ್ಟೂಲ್ ಹಾಕಿಕೊಂಡು ಕೂತು ನೋಡಿ. ಒಂದು ಕಾಲು ಉತ್ತರಕ್ಕಿರಲಿ. ಕತ್ತು ಬಗ್ಗಿದಾಗ ಭಾರವೆಲ್ಲ ಉತ್ತರಕ್ಕೇ ವಾಲುತ್ತದೆ, ಅದನ್ನು ಹೊರಲು ಅಲ್ಲೊಂದು ಕಾಲು ಬೇಕು. ನಡುವಿನ ತಟ್ಟೆಯ ಮೇಲೆ ಐದು ಲೀಟರಿನ ನೀರಿನ ಕ್ಯಾನ್ ಇಟ್ಟರೆ ಇನ್ನೂ ಗಟ್ಟಿ.

ಮೌಂಟ್ ಕೂರಿಸಿ, ಸರಳಿಗೆ ಗುಂಡು ಹಾಕಿ, ಸರಳಿನ ತುದಿಯ ಸಣ್ಣ ಸ್ಕ್ರೂ ಬಿಗಿಯಿರಿ. ಅದು ಅಲಂಕಾರಕ್ಕಲ್ಲ, ನಿಮ್ಮ ಕಾಲ್ಬೆರಳು ಉಳಿಸುವುದಕ್ಕೆ. ಗುಂಡು ಹಾಕಿದ ಮೇಲೇ ಕೊಳವೆ. ಬಿಚ್ಚುವಾಗ ಮೊದಲು ಕೊಳವೆ, ಆಮೇಲೆ ಗುಂಡು. ನಾನು ಒಮ್ಮೆ ನಿದ್ದೆಗಣ್ಣಲ್ಲಿ ಮೊದಲು ಗುಂಡು ತೆಗೆದೆ. ಕೊಳವೆ ಗಿರ್ರನೆ ತಿರುಗಿ ಸ್ಟೀಲಿನ ಕಾಲಿಗೆ ಬಡಿಯಿತು. ಫೈಂಡರಿನ (ಗುರಿ ಹಿಡಿಯಲು ಕೊಳವೆಯ ಮೇಲಿರುವ ಪುಟ್ಟ ದುರ್ಬೀನು) ಹಿಡಿ ಇವತ್ತಿಗೂ ಸೊಟ್ಟ.

ಸಮತೋಲ

ಗುಂಡಿನ ಸರಳನ್ನು ಅಡ್ಡಕ್ಕೆ ತಂದು ಆರ್‌ಎ ಲಾಕ್ ಸಡಿಲಿಸಿ. ಕೊಳವೆ ಕೆಳಗಿಳಿದರೆ ಗುಂಡನ್ನು ತುದಿಗೆ ಸರಿಸಿ, ಗುಂಡು ಇಳಿದರೆ ಒಳಗೆ ಸರಿಸಿ. ಬಿಟ್ಟಲ್ಲೇ ನಿಂತರೆ ಆಯಿತು. ಆಮೇಲೆ ಡೆಕ್ ಲಾಕ್ ಸಡಿಲಿಸಿ, ಕೊಳವೆಯನ್ನೇ ಹಿಂದೆ ಮುಂದೆ ಮಾಡಿ. ಐಪೀಸ್ ಹಾಕಿ, ಮುಚ್ಚಳ ತೆಗೆದೇ ಇದನ್ನು ಮಾಡಬೇಕು.

ಹದಿಮೂರು ಡಿಗ್ರಿ

ಎಲ್ಲರೂ ಎಡವುವುದು ಇಲ್ಲಿ. ಹಾಗಾಗಿ ನಿಧಾನ.

ಕತ್ತಿನ ಎತ್ತರ ಎಂದರೆ ನಿಮ್ಮ ಊರಿನ ಅಕ್ಷಾಂಶ. ಬೆಂಗಳೂರು, ಮಂಗಳೂರಿಗೆ 13. ಮೈಸೂರಿಗೆ 12ಕ್ಕಿಂತ ಚೂರು ಮೇಲೆ. ಹುಬ್ಬಳ್ಳಿಗೆ 15 ಚಿಲ್ಲರೆ, ಕಲಬುರಗಿಗೆ 17 ಚಿಲ್ಲರೆ, ಬೀದರಿಗೆ ಹತ್ತಿರ ಹತ್ತಿರ 18.

ಕತ್ತನ್ನು ಹಿಂದೆ ಮುಂದೆ ಎರಡು ಬೋಲ್ಟುಗಳು ಎದುರುಬದುರು ಒತ್ತಿ ಹಿಡಿದಿರುತ್ತವೆ. ಒಂದನ್ನು ಸಡಿಲಿಸದೆ ಇನ್ನೊಂದನ್ನು ಬಿಗಿದರೆ ಬೋಲ್ಟ್ ಬಾಗುತ್ತದೆ. ಬಾಗಿದ ಬೋಲ್ಟುಗಳನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ! ಒಂದು ಕೈಯಲ್ಲಿ ಮೌಂಟಿನ ತಲೆಯ ಭಾರ ಹೊತ್ತು, ಇನ್ನೊಂದು ಕೈಯಲ್ಲಿ ತಿರುಗಿಸಿ. ಕೊಳವೆ ಹಾಕುವ ಮೊದಲೇ ಒಂದು ಅಂದಾಜಿಗೆ ತಂದುಬಿಟ್ಟರೆ ಇನ್ನೂ ಸುಲಭ.

ಮೌಂಟಿನ ಮೇಲೆ ಡಿಗ್ರಿಯ ಅಂಕಿಗಳಿರುತ್ತವೆ. ಅಗ್ಗದ ಮೌಂಟಿನಲ್ಲಿ ಅದನ್ನು ನಂಬಬೇಡಿ. ನನ್ನ ಉಪಾಯ ಬೇರೆ. ಕೊಳವೆಯನ್ನು ಆರ್‌ಎ ಅಕ್ಷಕ್ಕೆ ಸಮಾನಾಂತರವಾಗಿ ತಿರುಗಿಸಿ ಲಾಕ್ ಮಾಡಿ, ಡೆಕ್ ಅಂಕಿ 90 ತೋರಿಸುವ ಹಾಗೆ. ಫೋನಿನಲ್ಲಿ ರಸಮಟ್ಟದ ಆ್ಯಪ್ ತೆರೆದು ಕೊಳವೆಯ ಮೇಲೆ ಉದ್ದಕ್ಕೆ ಇಡಿ. 13 ತೋರಿಸುವವರೆಗೆ ಬೋಲ್ಟ್ ತಿರುಗಿಸಿ. ಕಾಲುಗಳು ಚೂರು ಓರೆಯಿದ್ದರೂ ಫೋನ್ ನಿಜವಾದ ಕೋನವನ್ನೇ ಹೇಳುತ್ತದೆ.

ಕೆಲವು ಮೌಂಟುಗಳು 13ರವರೆಗೆ ಬಗ್ಗುವುದೇ ಇಲ್ಲ. ಆಗ ಉತ್ತರದ ಕಾಲನ್ನು ಏಳೆಂಟು ಸೆಂಟಿಮೀಟರ್ ಗಿಡ್ಡ ಮಾಡಿ. ಸುಮಾರು ಐದು ಡಿಗ್ರಿ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಮಾಡಿದರೆ ಇಡೀ ಸರಂಜಾಮು ಮುಗ್ಗರಿಸುತ್ತದೆ. ಬಗ್ಗಿದ ಮೇಲೆ ಇನ್ನೊಂದು ತಕರಾರು: ಗುಂಡು ಉತ್ತರದ ಕಾಲಿಗೆ ತಾಗಬಹುದು. ಗುಂಡನ್ನು ಸರಳಿನ ಮೇಲ್ಭಾಗಕ್ಕೆ ಸರಿಸಿ. ಸಮತೋಲ ತಪ್ಪಿದರೆ ಇನ್ನೊಂದು ಚಿಕ್ಕ ಗುಂಡು ಸೇರಿಸಿ. ಕೊಳ್ಳುವ ಮುಂಚೆ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಡಿಗ್ರಿವರೆಗೆ ಬಗ್ಗುತ್ತೆ?’ ಎಂಬುದೇ. ಎಲ್ಲರೂ ಕೇಳುವುದು ಮಾತ್ರ ‘ಎಷ್ಟು ಪಟ್ಟು ಕಾಣುತ್ತೆ?’ ಎಂದು.

ಉತ್ತರ ಎಲ್ಲಿದೆ?

ಫೋನಿನ ಕಂಪಾಸ್ ಸಾಕಲ್ವಾ ಎನ್ನುತ್ತೀರಿ. ಅಂದಾಜಿಗೆ ಸಾಕು. ನಮ್ಮ ಕಡೆ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಎರಡು ಡಿಗ್ರಿಯಷ್ಟೂ ವ್ಯತ್ಯಾಸವಿಲ್ಲ. ತೊಂದರೆ ಕೊಡುವುದು ಕಬ್ಬಿಣ. ಸ್ಟೀಲಿನ ಕಾಲು, ತಾರಸಿಯೊಳಗಿನ ಕಂಬಿ, ಎಲ್ಲವೂ ಕಂಪಾಸಿನ ದಿಕ್ಕು ಕೆಡಿಸುತ್ತವೆ.

ನಾನು ಮಾಡುವುದು ಹಳೇ ವಿಧಾನ. ಗಾರೆ ಕೆಲಸದವರ ತೂಗುಗುಂಡು ನೇತು ಹಾಕಿ. ಇಲ್ಲದಿದ್ದರೆ ದಾರಕ್ಕೆ ಒಂದು ಬೀಗ ಕಟ್ಟಿದರೂ ನಡೆಯುತ್ತದೆ. ಪತ್ರಿಕೆಯಲ್ಲಿ ಬರುವ ನಿಮ್ಮ ಊರಿನ ಸೂರ್ಯೋದಯ, ಸೂರ್ಯಾಸ್ತದ ಸಮಯ ನೋಡಿ, ಅವೆರಡರ ನಟ್ಟನಡುವಿನ ಸಮಯ ತೆಗೆಯಿರಿ. ಉದಯ ಬೆಳಿಗ್ಗೆ 6.38, ಅಸ್ತ ಸಂಜೆ 6.00 ಆದರೆ ನಡುಹಗಲು 12.19. ಸರಿಯಾಗಿ ಆ ಹೊತ್ತಿಗೆ ದಾರದ ನೆರಳಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಅದೇ ಉತ್ತರ-ದಕ್ಷಿಣ. ಆ ಹೊತ್ತಿನಲ್ಲಿ ಟೆಲಿಸ್ಕೋಪ್ ಹೊರಗಿದ್ದರೆ ಕೊಳವೆಗೂ ಫೈಂಡರಿಗೂ ಮುಚ್ಚಳ ಇರಲೇಬೇಕು. ಐಪೀಸಿಗೆ ತಿರುಗಿಸಿ ಹಾಕುವ ‘ಸನ್ ಫಿಲ್ಟರ್’ ಡಬ್ಬಿಯಲ್ಲಿ ಬಂದಿದ್ದರೆ ಇವತ್ತೇ ಕಸಕ್ಕೆ ಹಾಕಿ. ಬಿಸಿಗೆ ಅದು ಸೀಳಿದರೆ ಕಣ್ಣು ಹೋಗುತ್ತದೆ. ಸೂರ್ಯನನ್ನು ನೋಡುವ ಫಿಲ್ಟರ್ ಕೊಳವೆಯ ಬಾಯಿಗೇ ಇರಬೇಕು.

ನೆರಳಿನ ಕೆಲಸಕ್ಕೆ ಡಿಸೆಂಬರ್, ಜನವರಿ ಒಳ್ಳೆಯದು. ಮೀಟರ್ ಉದ್ದದ ದಾರಕ್ಕೆ ಮುಕ್ಕಾಲು ಮೀಟರಿನಷ್ಟು ನೆರಳು ಬೀಳುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆ ಮತ್ತು ಆಗಸ್ಟ್ ಮಧ್ಯದಲ್ಲಿ ಒಂದೊಂದು ದಿನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನೆರಳೇ ಇರುವುದಿಲ್ಲ. ಈ ಎರಡರ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಅದನ್ನು ಉತ್ತರ ಎಂದುಕೊಂಡು ಮೌಂಟನ್ನು ಹಿಂದುಮುಂದಾಗಿ ನಿಲ್ಲಿಸಿದವರೂ ಇದ್ದಾರೆ. ಮೇ ತಿಂಗಳ ಮೊದಲರ್ಧದಲ್ಲಂತೂ ಒಂದು ನಿಮಿಷ ತಪ್ಪಿದರೆ ದಿಕ್ಕು ಎರಡು ಡಿಗ್ರಿಗಿಂತ ಜಾಸ್ತಿ ತಪ್ಪುತ್ತದೆ.

ಗೆರೆಗೆ ಸರಿಯಾಗಿ ಮೌಂಟ್ ನಿಲ್ಲಿಸಿದ ಮೇಲೆ ಮೂರು ಕಾಲೂರಿದ ಜಾಗಕ್ಕೆ ಪೇಂಟಿನಿಂದ ಚುಕ್ಕೆ ಇಡಿ. ಮುಂದಿನ ಸಲ ಚುಕ್ಕೆಯ ಮೇಲೆ ಕಾಲಿಟ್ಟರೆ ಸಾಕು.

ಧ್ರುವ ಕಂಡರೆ

ಬಡಾವಣೆಗಳಲ್ಲಿ ಧ್ರುವ ನಕ್ಷತ್ರ ಕಾಣುವುದು ಅದೃಷ್ಟ. ಹಳ್ಳಿಯ ಕಡೆ ಹೋದರೆ ಸಿಗುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಸಂಜೆ ಹೊತ್ತು ಸಪ್ತರ್ಷಿ ಮಂಡಲದ ಚೌಕದ ಹೊರಬದಿಯ ಪುಲಹ, ಕ್ರತು ನಕ್ಷತ್ರಗಳನ್ನು ಸೇರಿಸಿ ಅದೇ ದಿಕ್ಕಿಗೆ ಐದು ಪಟ್ಟು ಮುಂದೆ ಹೋಗಿ. ನವೆಂಬರ್ ಆಸುಪಾಸಿನ ಸಂಜೆ ಸಪ್ತರ್ಷಿಗಳು ದಿಗಂತದ ಕೆಳಗಿರುತ್ತಾರೆ. ಆಗ ಉತ್ತರದಲ್ಲಿ ‘ಎಂ’ ಅಕ್ಷರದಂತಿರುವ ಕ್ಯಾಸಿಯೋಪಿಯಾದ ಕೆಳಗೆ ಹುಡುಕಿ. ಧ್ರುವ ಭಾರೀ ಹೊಳೆಯುವ ನಕ್ಷತ್ರವೇನಲ್ಲ. ಸಾಧಾರಣದ್ದು, ಒಂಟಿಯಾಗಿರುತ್ತದೆ.

ಈಗ ನನ್ನ ತಾಳ್ಮೆ ಪರೀಕ್ಷಿಸುವ ತಪ್ಪಿಗೆ ಬರೋಣ. ಕೊಳವೆ ಆರ್‌ಎ ಅಕ್ಷಕ್ಕೆ ಸಮಾನಾಂತರವಾಗಿ ಲಾಕ್ ಆಗಿದೆ. ಧ್ರುವ ಐಪೀಸಿನಲ್ಲಿಲ್ಲ. ಎಲ್ಲರೂ ಏನು ಮಾಡುತ್ತಾರೆ? ಆರ್‌ಎ, ಡೆಕ್ ನಾಬ್ ತಿರುಗಿಸಿ ಧ್ರುವವನ್ನು ನಡುವೆ ತಂದು ‘ಬಂತು’ ಎನ್ನುತ್ತಾರೆ. ಬಂದದ್ದು ಕೊಳವೆಗೆ, ಅಕ್ಷಕ್ಕಲ್ಲ. ಕಣ್ಣು ಹೊರಳಿಸಿದಂತಾಯಿತು, ಕತ್ತು ಇದ್ದಲ್ಲೇ ಇದೆ. ಆ ಎರಡು ನಾಬ್‌ಗಳನ್ನು ಈ ಹಂತದಲ್ಲಿ ಮುಟ್ಟಲೇಬೇಡಿ. ಎತ್ತರದ ಬೋಲ್ಟ್ ಮತ್ತು ಬುಡದ ಎಡ-ಬಲ ತಿರುಪು, ಇವೆರಡರಿಂದಲೇ ಧ್ರುವವನ್ನು ನಡುವಿಗೆ ತನ್ನಿ.

ಧ್ರುವ ನಕ್ಷತ್ರ ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಆಚೆ ಇದೆ. ಕಣ್ಣಲ್ಲಿ ನೋಡುವವರಿಗೆ ಅದು ಲೆಕ್ಕಕ್ಕಿಲ್ಲ. ಎರಡು ಡಿಗ್ರಿ ತಪ್ಪಿದರೂ ಗ್ರಹ ಗಂಟೆಗೆ ಹೆಚ್ಚೆಂದರೆ ಅರ್ಧ ಡಿಗ್ರಿ ಮೇಲೆ ಕೆಳಗೆ ಸರಿಯುತ್ತದೆ, ಆಗೊಮ್ಮೆ ಡೆಕ್ ನಾಬ್ ಮುಟ್ಟಿದರೆ ಆಯಿತು. ಕೈಪಿಡಿ ನೋಡಿಕೊಂಡು 45ಕ್ಕೆ ನಿಲ್ಲಿಸಿದರೆ ತಪ್ಪು 32 ಡಿಗ್ರಿ. ಆಗ ಗಂಟೆಗೆ ಎಂಟು ಡಿಗ್ರಿವರೆಗೂ ಸರಿಯುತ್ತದೆ. ನಮ್ಮ ಪರಿಚಯದವರ ಗುರು ‘ಓಡಿಹೋದದ್ದು’ ಹೀಗೆ. ಫೋಟೊ ತೆಗೆಯುವವರ ಲೆಕ್ಕ ಬೇರೆ. ಅವರಿಗೆ ಇಷ್ಟು ಸಾಲದು, ಈ ಮೌಂಟೂ ಸಾಲದು.

ಇನ್ನು ನೋಡಿ

ಫೈಂಡರನ್ನು ಹಗಲಲ್ಲೇ ಹೊಂದಿಸಿಟ್ಟುಕೊಳ್ಳಿ. ಸೂರ್ಯನಿಗೆ ಬೆನ್ನು ಹಾಕಿ, ದೂರದ ಮೊಬೈಲ್ ಟವರಿನ ತುದಿ ಹಿಡಿದರೆ ಐದು ನಿಮಿಷದ ಕೆಲಸ. ಫೈಂಡರಿನಲ್ಲಿ ತಲೆಕೆಳಗು, ಐಪೀಸಿನಲ್ಲಿ ಎಡಬಲ ಅದಲುಬದಲು ಕಂಡರೆ ಹೆದರಬೇಡಿ, ಅದು ಹಾಗೆಯೇ.

ಯಾವಾಗಲೂ 25 ಮಿ.ಮೀ. ಐಪೀಸಿನಿಂದ ಶುರು ಮಾಡಿ. ಎರಡೂ ಲಾಕ್ ಸಡಿಲಿಸಿ ಕೊಳವೆ ತಿರುಗಿಸಿ, ಫೈಂಡರಿನಲ್ಲಿ ಹಿಡಿದು ಲಾಕ್ ಮಾಡಿ. ಅಲ್ಲಿಂದ ಮುಂದೆ ಆರ್‌ಎ ನಾಬ್ ಒಂದೇ. ಡಬ್ಬಿಯ ಮೇಲೆ 500, 600 ಪಟ್ಟು ಎಂದು ಬರೆದಿದ್ದರೆ ನಗಾಡಿ ಸುಮ್ಮನಾಗಿ. 90 ಮಿ.ಮೀ. ಲೆನ್ಸಿಗೆ 180 ಪಟ್ಟೇ ಮಿತಿ. ಜೊತೆಗೆ ಬರುವ ಪ್ಲಾಸ್ಟಿಕ್ಕಿನ 3ಎಕ್ಸ್ ಬಾರ್ಲೋ (ಹಿಗ್ಗಿಸುವುದನ್ನು ಮೂರು ಪಟ್ಟು ಮಾಡುವ ಲೆನ್ಸು), 4 ಮಿ.ಮೀ. ಐಪೀಸು ಎರಡನ್ನೂ ನಾನು ಡಬ್ಬಿಯಿಂದ ತೆಗೆಯುವುದೇ ಇಲ್ಲ. ಆರ್‌ಎ, ಡೆಕ್ ಅಂಕಿಗಳ ಬಳೆ ನೋಡಿ ಗ್ರಹ ಹುಡುಕುವ ಆಸೆಯನ್ನೂ ಬಿಡಿ.

ಮೊದಲ ನೋಟಕ್ಕೆ ಸಪ್ತಮಿ, ಅಷ್ಟಮಿಯ ಚಂದ್ರ. ಹುಣ್ಣಿಮೆಯ ಚಂದ್ರ ಬೇಡ, ನೆರಳಿಲ್ಲದೆ ಸಪ್ಪೆ. ಅಂಚಿನಲ್ಲಿ ನೇರಳೆ ಬಣ್ಣ ಕಂಡರೆ ಅದು ಈ ಬಗೆಯ ಲೆನ್ಸಿನ ಗುಣ, ದೋಷವೆಂದು ವಾಪಸ್ ಮಾಡಬೇಡಿ. ಆಮೇಲೆ ವಸಿಷ್ಠ. ಪಕ್ಕದ ಅರುಂಧತಿಯನ್ನು ಬರಿಗಣ್ಣಲ್ಲೇ ನೋಡಿರುತ್ತೀರಿ. ಟೆಲಿಸ್ಕೋಪಿನಲ್ಲಿ ವಸಿಷ್ಠನೇ ಎರಡಾಗಿ ಒಡೆಯುತ್ತಾನೆ.

ನೆತ್ತಿ ದಾಟುವುದನ್ನು ನೋಡುವಾಗ ಕೊಳವೆಯ ಹಿಂಬದಿ ಮೌಂಟಿನ ಕಾಲಿಗೆ ತಾಗುತ್ತದೆ. ಬಲವಂತ ಮಾಡಬೇಡಿ. ಪೂರ್ವದ ಆಕಾಶ ನೋಡುವಾಗ ಕೊಳವೆ ಮೌಂಟಿನ ಪಶ್ಚಿಮಕ್ಕಿರಬೇಕು, ಪಶ್ಚಿಮ ನೋಡುವಾಗ ಪೂರ್ವಕ್ಕೆ. ಲಾಕ್ ಬಿಟ್ಟು ಕೊಳವೆಯನ್ನು ಆ ಮಗ್ಗುಲಿಗೆ ಹೊರಳಿಸಿ, ಮತ್ತೆ ಹುಡುಕಿ.

ಇಬ್ಬನಿ ಬಿದ್ದಿದ್ದರೆ ಒಳಗೆ ತಂದ ಕೂಡಲೇ ಮುಚ್ಚಳ ಹಾಕಬೇಡಿ, ಲೆನ್ಸು ತಾನಾಗಿ ಒಣಗಲಿ. ಬಟ್ಟೆಯಲ್ಲಿ ಉಜ್ಜಲೇಬೇಡಿ. ಕರಾವಳಿಯವರು ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಇಲ್ಲದಿದ್ದರೆ ಲೆನ್ಸಿಗೆ ಬೂಸು ಹಿಡಿಯುತ್ತದೆ.

ಅಂದ ಹಾಗೆ, ಆ ಪರಿಚಯದವರ ತಾರಸಿಯಲ್ಲೂ ಮೂರು ಹಸಿರು ಚುಕ್ಕೆ ಇಟ್ಟು ಬಂದಿದ್ದೆ. ಮಳೆಗಾಲಕ್ಕೆ ಮುಂಚೆ ಅವರು ತಾರಸಿಗೆಲ್ಲ ವಾಟರ್‌ಪ್ರೂಫ್ ಪೇಂಟ್ ಬಳಿಸಿದರು. ಮೂರೂ ಚುಕ್ಕೆ ಮುಚ್ಚಿಹೋದವು. ಡಿಸೆಂಬರಿನಲ್ಲಿ ದಾರ, ಬೀಗ ಹಿಡಿದುಕೊಂಡು ಮತ್ತೆ ಹೋಗಬೇಕು.